ಕಿವಿಯಲ್ಲಿ ಡಿಟ್-ಡಾ ಕೇಳಿ ದಾರಿ ಹಿಡಿಯುತ್ತಿದ್ದದ್ದು ಹೇಗೆ?

ತೋರಣಗಲ್ಲು_ಸಿಮ್: ನಮಸ್ಕಾರ್ರೀ. ಸಿಮ್ಯುಲೇಟರ್‌ನಾಗ 1940ರ ಕಾಲದ ಅಮೆರಿಕದ ಡಿಸಿ-3 ವಿಮಾನ ಹಾರಿಸ್ತಾ ಇದ್ದೀನಿ. ರೇಡಿಯೋ ರೇಂಜ್ (ದಾರಿ ತೋರಿಸೋ ನೆಲದ ರೇಡಿಯೋ ಸ್ಟೇಷನ್) ಟ್ಯೂನ್ ಮಾಡಿದ್ರ ಬರೀ ಡಿಟ್-ಡಾ, ಡಿಟ್-ಡಾ. ಇದರಿಂದ ದಾರಿ ಹೆಂಗ ಸಿಗ್ತಿತ್ತು? ಈಗ ವಿಮಾನದಾಗ ಮೋರ್ಸ್ (ಗಿಡ್ಡ-ಉದ್ದ ಸದ್ದಿನ ಅಕ್ಷರ ಸಂಕೇತ) ಪೂರ್ತಿ ಹೋಗೇದೇನು?

ಬಳ್ಳಾರಿ_ಹ್ಯಾಮ್: ಡಿಟ್-ಡಾ ಅಂದ್ರೆ ಮೋರ್ಸ್‌ನಲ್ಲಿ ಎ ಅಕ್ಷರ. ಅದರ ತಿರುವುಮುರುವು ಡಾ-ಡಿಟ್, ಅದು ಎನ್. ಸ್ಟೇಷನ್ ಸುತ್ತ ನಾಲ್ಕು ಭಾಗ: ಎದುರುಬದುರಿನ ಎರಡರಲ್ಲಿ ಎ, ಉಳಿದೆರಡರಲ್ಲಿ ಎನ್. ಒಂದರ ಸದ್ದು ಇನ್ನೊಂದರ ಬಿಡುವಿನಲ್ಲಿ ಸರಿಯಾಗಿ ಕೂರುತ್ತೆ. ಹಾಗಾಗಿ ಎರಡೂ ಸಮವಾಗಿ ಕೇಳುವ ಗಡಿಯಲ್ಲಿ ಎಡೆಬಿಡದೆ 'ಊಂ' ಅನ್ನುತ್ತೆ. ಆ 'ಊಂ' ಇರುವ ಸುಮಾರು 3 ಡಿಗ್ರಿ ಪಟ್ಟಿಯೇ ದಾರಿ. ನಡುನಡುವೆ ಸ್ಟೇಷನ್ನಿನ ಗುರುತಿನಕ್ಷರವೂ ಮೋರ್ಸ್‌ನಲ್ಲೇ ಬರುತ್ತೆ.

ತೊಡಕು ಏನಂದ್ರೆ, ಎ ಕೇಳಿದರೆ ಎರಡು ಎ ಭಾಗಗಳಲ್ಲಿ ಯಾವುದರಲ್ಲಿದ್ದೀರಿ ಅಂತ ಗೊತ್ತಾಗಲ್ಲ. ಮೊದಲು ಆಟೋಮ್ಯಾಟಿಕ್ ವಾಲ್ಯೂಮ್ ಕಂಟ್ರೋಲ್ ಆಫ್ ಮಾಡಿ. ಇಲ್ಲದಿದ್ರೆ ಅದು ಸದ್ದನ್ನು ಸಮ ಮಾಡಿಬಿಡುತ್ತೆ. ವಾಲ್ಯೂಮ್ ಕಿವಿಗೆ ಅರೆಬರೆ ಕೇಳುವಷ್ಟಕ್ಕೆ ಇಳಿಸಿ, ಭಾಗದ ನಟ್ಟನಡುವಿನ ದಿಕ್ಕಿನಲ್ಲಿ ನೇರ ಹಾರಿ. ಸದ್ದು ಏರಿದರೆ ಸ್ಟೇಷನ್ ಹತ್ತಿರವಾಗ್ತಿದೆ, ಇಳಿದರೆ ದೂರ. ಸ್ಟೇಷನ್ ನೆತ್ತಿಯ ಮೇಲೆ ಬಂದಾಗ ಸದ್ದು ಜೋರಾಗಿ, ತಟ್ಟನೆ ಕೆಲವು ಸೆಕೆಂಡು ಸತ್ತುಹೋಗುತ್ತೆ. ಅದೇ ಗುರುತು.

ಕೊಪ್ಪಳ_ಏರಿಯಲ್: ಒಂದು ಸೇರಿಸ್ತೀನಿ ಸರ್. ಸಂಡೂರಿನಂಥ ಗುಡ್ಡಸಾಲು ಇದ್ದಲ್ಲಿ ಈ ಪಟ್ಟಿ ಸೊಟ್ಟಗಾಗುತ್ತೆ, ಕೆಲವೊಮ್ಮೆ ಒಂದರ ಬದಲು ಎರಡು ಮೂರಾಗಿ ಒಡೆಯುತ್ತೆ. ಮಳೆ-ಗುಡುಗಿನಲ್ಲಂತೂ ಗರಗರ ಸದ್ದೇ ಗೆಲ್ಲೋದು, ಅಂದ್ರೆ ದಾರಿ ಹೆಚ್ಚು ಬೇಕಾದಾಗಲೇ ಅದು ಕೈಕೊಡುತ್ತೆ.

ಮಾತುಕತೆಗೆ ಮೋರ್ಸ್ ಬಳಸುವವನು ಬೇರೆ, ವೈರ್‌ಲೆಸ್ ಆಪರೇಟರ್. ತುದಿಗೆ ಸೀಸದ ಗುಂಡು ಕಟ್ಟಿದ ತಂತಿಯನ್ನು ಗಾಳಿಯಲ್ಲಿ ಇಳಿಬಿಟ್ಟು ಅದನ್ನೇ ಏರಿಯಲ್ ಮಾಡ್ಕೊಳ್ತಿದ್ದ. ಇಳಿಯೋ ಮೊದಲು ಸುತ್ತಿಕೊಳ್ಳದಿದ್ರೆ ತಂತಿ ಹೋಯ್ತು. ಅವನು ಕ್ಯೂಡಿಎಂ ಅನ್ನೋ ಸಂಕೇತ ಕಳಿಸಿ ಕೇಳಿದರೆ, ಸ್ಟೇಷನ್ ಕಡೆ ಬರಲು ಹಿಡಿಯಬೇಕಾದ ಅಯಸ್ಕಾಂತೀಯ ದಿಕ್ಕನ್ನು ನೆಲದವರು ಹೇಳ್ತಿದ್ದರು. ಕ್ಯೂಎನ್‌ಎಚ್ ಅನ್ನೋ, ಎತ್ತರಮಾಪಕಕ್ಕೆ ಹೊಂದಿಸುವ ಗಾಳಿಯ ಒತ್ತಡದ ಸಂಕೇತ ಆ ಕಾಲದ್ದೇ, ಇವತ್ತಿಗೂ ಬಳಕೆಯಲ್ಲಿದೆ.

ಬಳ್ಳಾರಿ_ಹ್ಯಾಮ್: ಹೌದ್ರೀ. ಇನ್ನು ಇವತ್ತಿನ ಪ್ರಶ್ನೆಗೆ: ಮೋರ್ಸ್ ಹೋಗಿಲ್ಲ. ವಿಒಆರ್ (ವಿಮಾನಕ್ಕೆ ದಿಕ್ಕು ತಿಳಿಸುವ ನೆಲದ ರೇಡಿಯೋ ಸ್ಟೇಷನ್) ಆಗಾಗ ತನ್ನ ಗುರುತನ್ನು 1020 ಹರ್ಟ್ಜ್ ದನಿಯಲ್ಲಿ ಮೋರ್ಸ್‌ನಲ್ಲೇ ಹೇಳುತ್ತೆ. ಫ್ರೀಕ್ವೆನ್ಸಿ ತಿರುಗಿಸಿ ದಿಕ್ಕು ತೋರುವ ಸೂಜಿ ಕದಲಿತು ಅಂತ ನಂಬಬಾರದು. ಗುರುತು ಕೇಳಿ ಚಾರ್ಟ್‌ನಲ್ಲಿರುವ ಚುಕ್ಕೆ-ಗೆರೆಗೆ ತಾಳೆ ಹಾಕಬೇಕು. ಗುರುತು ಬಾರದಿದ್ರೆ ರಿಪೇರಿ ನಡೆದಿರಬಹುದು, ಆಗ ಆ ಸೂಜಿಯನ್ನು ಲೆಕ್ಕಕ್ಕೇ ತಗೋಬಾರದು.