ಅಪ್‌ಡೇಟ್: ಎದೆಹಾಲಿಗೆ ಸೋಪಿನ ವಾಸನೆ

ಫ್ರಿಜ್‌ನಲ್ಲಿಟ್ಟ ಎದೆಹಾಲು ಸೋಪಿನಂತೆ ನಾರುತ್ತಿದೆ, ಮಗು ಮುಖ ತಿರುಗಿಸುತ್ತಿದೆ, ಹಾಲು ಕೆಟ್ಟಿದೆಯೇ ಎಂದು ಕೇಳಿದ್ದೆ. ಕೆಟ್ಟಿರಲಿಲ್ಲ. ಹಾಲಿನಲ್ಲೇ ಇರುವ ಲೈಪೇಸ್ ಕಿಣ್ವ ತಣ್ಣಗಿಟ್ಟರೂ ಕೊಬ್ಬನ್ನು ಒಡೆಯುತ್ತಲೇ ಇರುತ್ತದೆ, ವಾಸನೆ ಅದರದ್ದೇ. ಹುಳಿ ನಾತವಿದ್ದರೆ ಮಾತ್ರ ಚೆಲ್ಲಿ.

ಮೊದಲ ಉಪಾಯ, ಹಾಲನ್ನು ಆದಷ್ಟು ಬೇಗ ಬಳಸುವುದು. ಹೊಸದಾಗಿ ತೆಗೆದದ್ದು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ನಮ್ಮ ಬೇಸಿಗೆಗೆ ಅಷ್ಟು ಹೊತ್ತು ನಂಬಬೇಡಿ. ಫ್ರಿಜ್‌ನಲ್ಲಾದರೆ 4 ದಿನ, ಬಾಗಿಲಲ್ಲಲ್ಲ, ಒಳಗಡೆ ಹಿಂದಕ್ಕೆ.

ಆಗಲೂ ಮಗು ಒಲ್ಲೆನೆಂದರೆ, ತೆಗೆದ ಕೂಡಲೇ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ ಬಿಸಿ ಮಾಡಿ, ಕುದಿಸದೆ ಇಳಿಸಿ, ಐಸ್ ನೀರಲ್ಲಿಟ್ಟು ತಣಿಸಿ, ಆಮೇಲೆ ಶೇಖರಿಸಿ. ವಾಸನೆ ಬಂದ ಮೇಲೆ ಕಾಯಿಸಿ ಪ್ರಯೋಜನವಿಲ್ಲ. ಕಾಯಿಸಿದರೆ ರೋಗನಿರೋಧಕ ಅಂಶಗಳು ಸ್ವಲ್ಪ ಕಡಿಮೆಯಾಗುತ್ತವೆ, ಹಾಗಾಗಿ ಎಲ್ಲ ಹಾಲನ್ನೂ ಹೀಗೆ ಕಾಯಿಸಬೇಡಿ, ಮಗು ಒಲ್ಲೆನೆಂದರೆ ಮಾತ್ರ.

ಕುಡಿಸುವಾಗ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ. ಮೈಕ್ರೋವೇವ್‌ನಲ್ಲಿ ಅಲ್ಲಲ್ಲಿ ಸುಡುಸುಡು ಆಗಿ ಬಾಯಿ ಬೊಬ್ಬೆ ಬರಬಹುದು. ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಹಾಲುಬಟ್ಟಲು) ಕೊಡುವವರು ಮಗುವಿನ ತಲೆ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಗುಟುಕು ನುಂಗಿದ ಮೇಲೆಯೇ ಮುಂದಿನದು ಕೊಡಿ, ಸುರಿದರೆ ನೆತ್ತಿಗೇರುತ್ತದೆ. ಕುಡಿದು ಮಿಕ್ಕದ್ದು 2 ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿಬಿಡಿ.