ಪ್ಲಾಟಲ್ಲ, ಪ್ಲ್ಯಾಟರ್

"ನಾಳೆ ಸಂಜೆ ಮನೆಯಲ್ಲಿ ಪ್ಲ್ಯಾಟರ್ ಇಡಬೇಕು" ಅಂದೆ. ಸೂಪರ್ ಮಾರ್ಕೆಟ್ ಹತ್ತಿರದ ನಮ್ಮ ಮಾಮೂಲಿ ಚಹಾ ಅಂಗಡಿ. ದಾಲ್‌ಮಿಲ್ ಸಾವ್ಕಾರರ ಕೈಯಲ್ಲಿದ್ದ ಚಹಾದ ಕಪ್ಪು, ಬಾಯಿ ಹತ್ತಿರ ಹೋಗಿ ನಿಂತುಬಿಟ್ಟಿತು.

"ಪ್ಲಾಟಾ? ಸೇಡಂ ರೋಡ್ ಕಡೆನೋ, ರಿಂಗ್ ರೋಡ್ ಕಡೆನೋ? ರೇಟ್ ಎಷ್ಟು ಹೇಳಿದರು?"

ಕಲಬುರಗಿಯಲ್ಲಿ 'ಪ್ಲಾ' ಅಂದರೆ ಸಾಕು, ಮುಂದಿನ ಅಕ್ಷರ ಯಾರಿಗೂ ಕೇಳಿಸುವುದಿಲ್ಲ.

"ಪ್ಲಾಟಲ್ಲ ಸಾವ್ಕಾರ್ರೇ, ಪ್ಲ್ಯಾಟರ್. ಒಂದು ಹಲಗೆ ಮೇಲೆ ಹಣ್ಣು, ಚೀಸು, ಬಾದಾಮಿ ಜೋಡಿಸಿ ಇಡೋದು. ಕ್ರಿಸ್ಮಸ್ ರಜೆಗೆ ಪುಣೆಯಿಂದ ತಂಗಿ ಮನೆಯವರು ಬರ್ತಾರೆ, 12 ಮಂದಿ. ಎಳ್ಳಮಾವಾಸ್ಯೆ ಮುಗಿಸಿಕೊಂಡೇ ಹೋಗೋದು."

"ಹಾಗಾದರೆ ಹೊಲದಲ್ಲಿ ಸಜ್ಜೆ ರೊಟ್ಟಿ, ಬಜ್ಜಿ, ಶೇಂಗಾ ಹೋಳಿಗೆ ಇದ್ದೇ ಇದೆಯಲ್ಲ. ಇದ್ಯಾಕೆ?" ಅಂದರು ನಮ್ಮ ಕಾಕಾ. ಎಂಬತ್ತು ದಾಟಿದವರು. ಚಹಾಕ್ಕೆ ಕರೆಯದಿದ್ದರೂ ಬರುತ್ತಾರೆ.

"ಮಗಳು ಫೋನಿನಲ್ಲಿ ನೋಡಿದ್ದಾಳೆ" ಅಂದೆ. ಅದರ ಮೇಲೆ ಅಪೀಲು ಇಲ್ಲ ಅಂತ ಎಲ್ಲರಿಗೂ ಗೊತ್ತು.

ರಿಟೈರ್ಡ್ ಲೆಕ್ಕದ ಮಾಸ್ತರರು ತಕ್ಷಣ ಪೆನ್ನು ತೆಗೆದರು. "ತಲೆಗೆ 50 ಗ್ರಾಂ ಚೀಸು ಹಿಡಿ. 12 ಮಂದಿಗೆ 600 ಗ್ರಾಂ. ಯಾವ್ಯಾವುದು ತರ್ತೀಯಾ?"

"ಗಟ್ಟಿಯದು ಒಂದು, ಚೆಡ್ಡರ್. ಮೆತ್ತಗಿನದು ಒಂದು, ಬ್ರೀ. ನಡುವಿನದು ಗೌಡಾ."

"ಯಾವ ಊರಿನ ಗೌಡ?" ಕಾಕಾ ಕಿವಿ ನೆಟ್ಟಗೆ ಮಾಡಿದರು.

"ಗೌಡರಲ್ಲ ಕಾಕಾ. ಹಾಲೆಂಡಿನ ಒಂದು ಊರಿನ ಹೆಸರು ಅದು. ಅಲ್ಲಿನ ಪೇಟೆಯಲ್ಲಿ ಮಾರುತ್ತಿದ್ದ ಚೀಸು."

"ಗೌಡ ಅಂದಮೇಲೆ ರುಮಾಲು ಬೇಡವಾ?"

"ಇದೆ. ಕೆಂಪು ಮೇಣದ ರುಮಾಲು. ಅದನ್ನು ಬಿಚ್ಚಿಟ್ಟು ಒಳಗಿನದನ್ನು ತಿನ್ನಬೇಕು."

"ಮತ್ತೆ ಆ ಬ್ರೀಗೆ?"

ಇಲ್ಲಿ ನಾನು ಸುಮ್ನೆ ಇರಬೇಕಿತ್ತು. "ಅದರ ಮೇಲೆ ಬಿಳಿ ಬೂಷ್ಟು ಇರುತ್ತದೆ. ಬೇಕಂತಲೇ ಬೆಳೆಸ್ತಾರೆ. ಅದರಿಂದಲೇ ಹೊರಗಿನಿಂದ ಒಳಗೆ ಹಣ್ಣಾಗುತ್ತಾ ಮೆತ್ತಗಾಗೋದು. ಸಿಪ್ಪೆ ಸಮೇತ ತಿನ್ನಬಹುದು."

ಕಾಕಾ ಕಪ್ಪು ಕೆಳಗಿಟ್ಟರು. "ಬೂಷ್ಟು ಹಿಡಿದದ್ದನ್ನು ನಾನು ಎಮ್ಮೆಗೂ ಹಾಕಿದವನಲ್ಲ. ನಮ್ಮ ಕಾಲದಲ್ಲಿ ಹಾಲು ಒಡೆದರೆ ಬೈಗುಳ ಬೀಳ್ತಿತ್ತು. ನೀವು ಒಡೆದ ಹಾಲನ್ನು ಬೂಷ್ಟು ಹಿಡಿಸಿ, ದುಡ್ಡು ಕೊಟ್ಟು ತರ್ತೀರಿ!"

ಸಾವ್ಕಾರರ ಚಿಂತೆ ಬೇರೆ. ಚೀಸು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯದೇನೋ ಹಾಕುತ್ತಾರಂತಲ್ಲ, ಹೌದಾ ಅಂತ ಮೆತ್ತಗೆ ಕೇಳಿದರು. ಹೌದು, ಹಳೆಯ ಪದ್ಧತಿಯಲ್ಲಿ ಹಾಗೇ, ರೆನೆಟ್ ಅಂತ. ಈಗ ಸೂಕ್ಷ್ಮಜೀವಿಗಳಿಂದ ತೆಗೆದದ್ದೂ ಸಿಗುತ್ತದೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ತಂದರಾಯಿತು ಅಂದೆ. ಅವರು ಉಸಿರು ಬಿಟ್ಟರು. ನಾನು ಅವರನ್ನು ಕರೆದೇ ಇರಲಿಲ್ಲ, ಅದು ಬೇರೆ ಮಾತು.

ಹಣ್ಣಿನ ವಿಷಯಕ್ಕೆ ಎಲ್ಲರೂ ಪಂಡಿತರೇ. ದ್ರಾಕ್ಷಿಯನ್ನು ಒಂದೊಂದಾಗಿ ಬಿಡಿಸಬೇಡ, ಕತ್ತರಿಯಿಂದ ಚಿಕ್ಕ ಚಿಕ್ಕ ಗೊಂಚಲು ಮಾಡು. ಸೇಬು ಹೆಚ್ಚಿದ ಕೂಡಲೇ ನಿಂಬೆರಸ ಸವರು, ಇಲ್ಲಾಂದರೆ ಗಾಳಿ ತಾಗಿ ಕಂದುತ್ತದೆ. ಪೇರಲ ಇರಲಿ, ವಿಜಯಪುರದ ಒಣದ್ರಾಕ್ಷಿ ಇರಲಿ, ಅಕ್ರೋಟ್ ಇರಲಿ, ಸಣ್ಣ ಬಟ್ಟಲಲ್ಲಿ ಜೇನು. ಸೀತಾಫಲ ಮಾತ್ರ ಬೇಡ ಅಂದರು ಮಾಸ್ತರರು. "ಬೀಗರು ಬೀಜ ಎಲ್ಲಿ ಉಗುಳೋದು ಅಂತ ಮುಖ ಮುಖ ನೋಡ್ತಾ ಕೂರ್ತಾರೆ."

ಕೊನೆಗೆ ಹಲಗೆ. ಅಷ್ಟು ದೊಡ್ಡದು ನಮ್ಮ ಮನೆಯಲ್ಲಿ ಇರುವುದು ಒಂದೇ, ಮದುವೆಯಲ್ಲಿ ನಾನು ಕೂತಿದ್ದ ಮಣೆ. ಹೆಂಡತಿ ಅದನ್ನು ಎರಡು ಸಲ ತಿಕ್ಕಿ ತೊಳೆದಳು. ನನ್ನ ಮುಖ ನೋಡಿ ಮೂರನೇ ಸಲವೂ ತೊಳೆದಳು. ಮೇಲೆ ಬಾಳೆ ಎಲೆ ಹಾಸಿದಳು.

ಫ್ರಿಜ್‌ನಿಂದ ಆಗಷ್ಟೇ ತೆಗೆದ ಚೀಸಿಗೆ ರುಚಿಯೇ ಇರುವುದಿಲ್ಲ, ಅರ್ಧ ತಾಸಾದರೂ ಹೊರಗಿರಬೇಕು. ಮೇ ತಿಂಗಳಾಗಿದ್ದರೆ ನಮ್ಮೂರ ಬಿಸಿಲಿಗೆ ಅಷ್ಟರಲ್ಲಿ ಬ್ರೀ ಪಾಯಸವಾಗುತ್ತಿತ್ತು. ಡಿಸೆಂಬರ್, ಬಚಾವ್. ಮಗಳು ಎಲ್ಲಾ ಜೋಡಿಸಿ, ಫೋಟೋ ತೆಗೆದು, ಪಡಸಾಲೆಯಲ್ಲಿಟ್ಟಳು. ನಾವೆಲ್ಲ ಸ್ಟೇಷನ್ನಿಗೆ ಹೋದೆವು. ಮನೆ ಕಾಯಲು ಕಾಕಾ.

ಬಂದು ನೋಡಿದರೆ ಚೆಡ್ಡರ್ ಇದೆ, ಗೌಡರು ರುಮಾಲು ಸಮೇತ ಕೂತಿದ್ದಾರೆ. ಬ್ರೀ ಇದ್ದ ಜಾಗದಲ್ಲಿ ಬರೀ ಬಾಳೆ ಎಲೆ.

"ಬೆಕ್ಕು ಬಂದಿತ್ತು" ಅಂದರು ಕಾಕಾ, ಪೇಪರಿನಿಂದ ತಲೆ ಎತ್ತದೆ.

"ಜೇನಿನ ಬಟ್ಟಲೂ ಖಾಲಿ ಇದೆಯಲ್ಲ ಅಜ್ಜಾ?" ಅಂದಳು ಮಗಳು.

ಕಾಕಾ ಮೀಸೆ ಒರೆಸಿಕೊಂಡರು. "ಆ ಬೆಕ್ಕು ನಾಳೆಯೂ ಬರಬಹುದು. ಇನ್ನೊಂದು ತಂದಿಡಿ."