ಮಡಿಕೇರಿ ಮಳೆಗಾಲದಲ್ಲಿ ಅಜ್ಜನ ಕಾಗದಗಳ ಅಕ್ಷರ ಉಳಿಸೋದು ಹೇಗೆ?

ಪ್ರಶ್ನೆ: ಶಾಯಿಯಲ್ಲಿ ಬರೆದ ಹಳೇ ಕಾಗದಗಳು, ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಬೂಷ್ಟು ಹಿಡೀತಿದೆ, ನೀಲಿ ಮಾಸ್ತಿದೆ. ಲ್ಯಾಮಿನೇಷನ್ ಮಾಡಿಸಬಹುದಾ?

ಉತ್ತರ 1: ಬೇಡವೇ ಬೇಡ! ಅಂಟು ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸೋಕಾಗಲ್ಲ. ಬೂಷ್ಟು ಪೂರ್ತಿ ಒಣಗಿದ ಮೇಲೆ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಲ್ಲಿ ತೆಗೆಯಿರಿ. ಒದ್ದೆ ಬಟ್ಟೆ ತಾಗಿದರೆ ಶಾಯಿ ಹರಡುತ್ತೆ, ಬಿಸಿಲಿಗಿಟ್ಟರೆ ಇನ್ನಷ್ಟು ಮಾಸುತ್ತೆ. ಆಮ್ಲರಹಿತ ಕವರಿನಲ್ಲಿಟ್ಟು, ಗಾಳಿಯಾಡದ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತೇವಾಂಶ 50%ರ ಆಸುಪಾಸು ಇರಲಿ.

ಉತ್ತರ 2: ಫೋಟೊನೂ ತೆಗೆದಿಡಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಒಂದೇ ಮಗ್ಗುಲಿಂದ ಕಾಗದಕ್ಕೆ ತೀರಾ ಓರೆಯಾಗಿ ಹಿಡಿಯಿರಿ. ನಿಬ್ ಒತ್ತಿದ ಗೀರು ನೆರಳಲ್ಲಿ ಎದ್ದು ಕಾಣುತ್ತೆ. ತಲೆಕಟ್ಟು ಎಲ್ಲಿ ಶುರುವಾಗಿದೆ, ಒತ್ತಕ್ಷರಕ್ಕೆ ಪೆನ್ನು ಎಲ್ಲಿ ಎತ್ತಿದ್ದಾರೆ, ಕೈ ಓಡಿದ ದಾರಿಯೇ ಸಿಗುತ್ತೆ. ಎಂಥ ಚೆಂದ ಅದು! ಸ್ಕ್ಯಾನರಿನ ಸಮಬೆಳಕಲ್ಲಿ ಈ ಗೀರು ಸರಿಯಾಗಿ ಕಾಣಲ್ಲ, ಓದೋಕೆ ಮಾತ್ರ 600 ಡಿಪಿಐ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಸಾಕು.